ಎಲ್ಲರೂ ಮೆಟ್ಟಿಲು ಇಳಿಯಬಲ್ಲರು

ಪರೀಕ್ಷಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿರುವ ಮಾನ್ಯರೇ,

ನಿಮ್ಮ ತರ್ಕದ ಪತ್ರಿಕೆಯಲ್ಲಿ ಯೋಚಿಸಿ ಉತ್ತರಿಸಿದ ತಪ್ಪಿಗೆ ನನ್ನ ತಂಗಿ ಒಂದೇ ಅಂಕದಿಂದ ಕೈಗೆ ಬರಬೇಕಿದ್ದ ಕೆಲಸ ಕಳೆದುಕೊಳ್ಳುತ್ತಿದ್ದಾಳೆ. ವಯೋಮಿತಿಯ ಪ್ರಕಾರ ಅವಳಿಗೆ ಇದೇ ಕೊನೆಯ ಅವಕಾಶ. ನಿಮ್ಮ ಕಚೇರಿಯಲ್ಲಿ ದನಿ ಏರಿಸಿದರೆ ಕಾವಲಿನವರನ್ನು ಕರೆಯುತ್ತೀರಿ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ಆ ಪ್ರಶ್ನೆಯನ್ನು ಓದುಗರೂ ನೋಡಲಿ. ಹೇಳಿಕೆ: ‘ಬೆಂಕಿ ಬಿದ್ದಾಗ ಕಟ್ಟಡದಲ್ಲಿರುವ ಎಲ್ಲರೂ ಲಿಫ್ಟ್ ಬಿಟ್ಟು ಮೆಟ್ಟಿಲಿನಿಂದಲೇ ಇಳಿಯತಕ್ಕದ್ದು’ ಎಂಬ ಫಲಕ. ಊಹೆ ಒಂದು: ಕಟ್ಟಡದಲ್ಲಿ ಮೆಟ್ಟಿಲುಗಳಿವೆ. ಊಹೆ ಎರಡು: ಎಲ್ಲರೂ ಮೆಟ್ಟಿಲು ಇಳಿಯಬಲ್ಲರು. ಹೇಳಿಕೆಯೊಳಗೆ ಅಡಗಿರುವ ಊಹೆ ಯಾವುದು? ಎರಡೂ ಎಂದು ತಂಗಿ ಗುರುತು ಹಾಕಿದಳು. ಮೊದಲನೆಯದು ಮಾತ್ರ ಎನ್ನುತ್ತದೆ ನಿಮ್ಮ ಕೀ ಉತ್ತರ.

ನನ್ನ ತಂಗಿ ಗಾಲಿಕುರ್ಚಿಯಲ್ಲಿ ಓಡಾಡುವವಳು. ಅರ್ಜಿಯಲ್ಲಿ ಅದನ್ನು ಬರೆದಿದ್ದೆವು, ಪ್ರಮಾಣಪತ್ರ ಲಗತ್ತಿಸಿದ್ದೆವು. ಆದರೂ ಅವಳಿಗೆ ಸಿಕ್ಕ ಕೊಠಡಿ ಮೂರನೇ ಮಹಡಿಯದು. ಲಿಫ್ಟಿನ ಬಾಗಿಲಿಗೆ ಅಡ್ಡಲಾಗಿ ಒಂದು ಬೆಂಚು ಎಳೆದಿಟ್ಟಿದ್ದರು. ‘ಕೆಟ್ಟೋಗಿದೆ ಸಾರ್, ಮೆಟ್ಟಿಲಿದೆಯಲ್ಲ’ ಎಂದ ಕಾವಲಿನವನು, ದಾರಿ ತೋರಿಸಿ ಉಪಕಾರ ಮಾಡಿದವನಂತೆ. ನಾನು ಗಾಜಿನ ಅಂಗಡಿಯವನು. ಕಿಟಕಿಯ ಗಾಜು ಹೊತ್ತು ಮಹಡಿ ಹತ್ತುವುದು ನನಗೆ ಹೊಸದಲ್ಲ. ತಂಗಿಯನ್ನು ಬೆನ್ನಿಗೆ ಹಾಕಿಕೊಂಡು ಹತ್ತಿದೆ. ಪರೀಕ್ಷೆಗೆ ಬಂದವರೆಲ್ಲ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು, ಕಣ್ಣು ಬೇರೆಡೆಗೆ ತಿರುಗಿಸಿದರು. ಗಾಜಿಗಾದರೆ ನಾಚಿಕೆಯಿಲ್ಲ. ಅವಳು ನನ್ನ ಭುಜಕ್ಕೆ ಮುಖ ಒತ್ತಿಕೊಂಡಿದ್ದಳು.

ಪರೀಕ್ಷೆ ಮುಗಿಸಿ ಬಂದಾಗ ಮಾತ್ರ ನಗುತ್ತಿದ್ದಳು. ‘ಅಣ್ಣಾ, ನನ್ನನ್ನ ನೋಡ್ಕೊಂಡೇ ಒಂದು ಪ್ರಶ್ನೆ ಬರೆದವ್ರೆ! ಬೇರೆದು ಹೋದ್ರೂ ಅದೊಂದು ಮಾರ್ಕ್ಸ್ ಗ್ಯಾರಂಟಿ’ ಎಂದಳು. ಆ ಗ್ಯಾರಂಟಿ ಅಂಕವೇ ಕೈಕೊಟ್ಟಿತು.

ಮಾನ್ಯರೇ, ಊಹೆ ಅಡಗಿದೆ ಎಂದರೆ ಅದು ನಿಜ ಎಂದಲ್ಲವಲ್ಲ? ಎರಡನೇ ಊಹೆ ಸುಳ್ಳು ಎಂಬುದಕ್ಕೆ ನನ್ನ ತಂಗಿಗಿಂತ ಬೇರೆ ಸಾಕ್ಷಿ ಬೇಕೆ? ಫಲಕ ಬರೆದವರು ಹಾಗೆ ನಂಬಿಕೊಂಡಿದ್ದರು ಎಂದಷ್ಟೇ ಅವಳು ಹೇಳಿದ್ದು. ಆ ನಂಬಿಕೆಯನ್ನು ತೆಗೆದುಹಾಕಿ ಫಲಕವನ್ನು ಇನ್ನೊಮ್ಮೆ ಓದಿ. ‘ಇಳಿಯಲಾಗದವರು ಅಲ್ಲೇ ಸುಟ್ಟುಹೋಗತಕ್ಕದ್ದು’ ಎಂದಾಗುತ್ತದೆ. ನಿಮ್ಮ ತಜ್ಞರ ಅಭಿಪ್ರಾಯ ಅದೇ ಆಗಿದ್ದರೆ ದಯವಿಟ್ಟು ಬಾಯಿಬಿಟ್ಟು ಹೇಳಲಿ.

ಆಕ್ಷೇಪಣೆ ಹಾಕಲು ಹೋದಾಗ ಕೌಂಟರಿನ ಗುಮಾಸ್ತರು ಒಳ್ಳೆಯ ಮನಸ್ಸಿನಿಂದಲೇ ಬುದ್ಧಿ ಹೇಳಿದರು. ‘ಊಹೇಲಿ ಎಲ್ಲರೂ ಅಂತ ಬಂದ್ರೆ ಕಣ್ಮುಚ್ಚಿ ಹೊಡೆದು ಹಾಕೋದು ಸಾರ್. ಕೋಚಿಂಗಲ್ಲಿ ಮೊದಲನೇ ದಿನಾನೇ ಹೇಳ್ಕೊಡ್ತಾರೆ. ಯೋಚನೆ ಮಾಡೋಕೆ ಹೋದೋರೇ ಕೆಡೋದು.’ ಎಂಥ ತರ್ಕ! ಎಂಥ ತಜ್ಞರು! ‘ಎಲ್ಲರೂ’ ಎಂದು ಫಲಕವೇ ಕೂಗಿ ಹೇಳುತ್ತಿದ್ದರೂ ಗಿಣಿಪಾಠ ಒಪ್ಪಿಸಿದವನು ಬುದ್ಧಿವಂತ, ಪೂರ್ತಿ ಓದಿದವಳು ದಡ್ಡಿ. ನಿಮಗೆ ಬೇಕಾಗಿರುವುದು ಕಣ್ಣು ಮುಚ್ಚುವವರೇ ಆದರೆ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸುವ ಖರ್ಚಾದರೂ ಯಾಕೆ?

ಇಷ್ಟಕ್ಕೇ ಮುಗಿದಿದ್ದರೆ ನಮ್ಮ ಹಣೆಬರಹ ಎಂದು ಸುಮ್ಮನಾಗುತ್ತಿದ್ದೆನೇನೋ. ಮೊನ್ನೆ ನಿಮ್ಮ ವಿಚಾರಣೆಯ ಪತ್ರ ಬಂತು. ಅಭ್ಯರ್ಥಿ ಖುದ್ದಾಗಿ ಹಾಜರಾಗಬೇಕಂತೆ, ತಪ್ಪಿದರೆ ಆಕ್ಷೇಪಣೆಯನ್ನು ಕೈಬಿಡುತ್ತೀರಂತೆ. ಸ್ಥಳ: ಮಂಡಳಿಯ ಸಭಾಂಗಣ, ಎರಡನೇ ಮಹಡಿ. ಹೋಗಿ ನೋಡಿ ಬಂದೆ. ನಿಮ್ಮ ಕಟ್ಟಡದಲ್ಲಿ ಲಿಫ್ಟೇ ಇಲ್ಲ. ಗಾಯದ ಮೇಲೆ ಬರೆ ಎಳೆಯುವುದನ್ನು ಯಾರಾದರೂ ನಿಮ್ಮಿಂದ ಕಲಿಯಬೇಕು.

‘ಹೊತ್ಕೊಂಡು ಹೋಗ್ತೀನಿ, ಎರಡೇ ಮಹಡಿ ತಾನೆ’ ಎಂದೆ. ತಂಗಿ ಪತ್ರವನ್ನು ಮಡಿಸಿ ನನ್ನ ಕೈಗಿಟ್ಟಳು. ‘ಪರೀಕ್ಷೆ ಬರೆಯೋಕೆ ಅಂತ ಒಂದ್ಸಲ ಹೊರಿಸ್ಕೊಂಡೆ ಅಣ್ಣಾ. ನಾನು ಹೇಳಿದ್ದು ಸರಿ ಅಂತ ಹೇಳೋಕೂ ನಿನ್ನ ಬೆನ್ನೇರಿ ಹೋಗ್ಬೇಕಾ? ನಾನು ಮೇಲೆ ಬರಲ್ಲ’ ಎಂದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅವಳು ಬಾರದಿದ್ದರೆ ಆ ಅಂಕವೂ ಇಲ್ಲ, ಕೆಲಸವೂ ಇಲ್ಲ.

ಆದ್ದರಿಂದ ಕೃಪೆಯನ್ನಲ್ಲ, ನ್ಯಾಯವನ್ನು ಕೇಳುತ್ತಿದ್ದೇನೆ. ವಿಚಾರಣೆಯ ದಿನ ನಿಮ್ಮ ಕಟ್ಟಡದ ಕೆಳಗೆ, ಸೈಕಲ್ ನಿಲ್ಲಿಸುವ ಜಾಗದ ಪಕ್ಕದಲ್ಲಿ, ನನ್ನ ತಂಗಿ ತನ್ನ ಕುರ್ಚಿಯಲ್ಲಿ ಕುಳಿತಿರುತ್ತಾಳೆ. ಅವಳ ಉತ್ತರ ತಪ್ಪು ಎಂದ ತಜ್ಞರನ್ನೆಲ್ಲ ಕರೆದುಕೊಂಡು ನೀವೇ ಇಳಿದು ಬನ್ನಿ. ಈ ಬೇಡಿಕೆಯಲ್ಲೂ ಒಂದು ಊಹೆ ಅಡಗಿದೆ: ನೀವೆಲ್ಲರೂ ಮೆಟ್ಟಿಲು ಇಳಿಯಬಲ್ಲಿರಿ.

ಇಂತಿ,
ಈ ಸಲ ಯಾರನ್ನೂ ಹೊರಲಾರದ
ಒಬ್ಬ ಅಣ್ಣ