ನಿನ್ನ ಫೋನಿಗೆ ಹೊಂದಲಿಲ್ಲ, ನಂದಿನಿ

ಮೂಡಲಗಿ
೨೦-೭-೨೦೨೫

ನನ್ನ ಮುದ್ದು ನಂದಿನಿಗೆ, ಅವ್ವನಿಂದ ಮನಸಾರೆ ಆಶೀರ್ವಾದ.

ಹೇಗಿದ್ದೀ ಮಗಳೇ? ಸೊಂಟನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಎಲ್ಲರಿಗೂ ಬಡಿಸಿ ತಳದ ಅನ್ನ ಕೆರೆಯುತ್ತೀಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ! ನಾನು, ನಿಮ್ಮಣ್ಣ ಗುರುಪಾದ ಇಬ್ಬರೂ ಚೆನ್ನಾಗಿದ್ದೇವೆ. ಫೋನು ಮಾಡದೆ ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ. ಫೋನಿನ ಸಲುವಾಗಿಯೇ ಬರೆಯುತ್ತಿದ್ದೇನೆ.

ಗೋಕಾಕದ ಮದುವೆಮನೆಯಲ್ಲಿ ನೀನು ನನ್ನ ಕಿವಿಯಲ್ಲಿ, "ಅವ್ವಾ, ನಾವಿಬ್ಬರು ಮೆಸೇಜಿನಾಗ ಬರದದ್ದೆಲ್ಲಾ ನಮ್ಮ ಮನಿಯವರು ತಮ್ಮ ಫೋನಿನಾಗ ಓದತಾರ. ಊಟಕ್ಕ ಕುಂತಾಗ ಅತ್ತಿ ಮುಂದ ಓದಿ ನಗತಾರ" ಅಂದೆಯಲ್ಲ, ಅಂದಿನಿಂದ ಫೋನಿನಲ್ಲಿ ನಿನಗೆ ಒಂದಕ್ಷರವೂ ಬರೆದಿಲ್ಲ ನಾನು. ಅಳಿಯಂದಿರು ಕೆಟ್ಟವರಲ್ಲ ಎಂದು ನೀನು ಮತ್ತೆ ಮತ್ತೆ ಹೇಳಿದೆ. ಇರಲಿ. ತಾಯಿ ಮಗಳ ಮಾತಿನಲ್ಲಿ ಅವರಿಗೇನು ಕೆಲಸ?

ಯಾರೂ ಇಣುಕಲಾಗದ, ಫೋನು ನಡೆಸುವ ಅದೇನೋ ಬೇರೆ ಓಎಸ್ ಹಾಕಿಸಬಹುದಂತೆ, ವಿಚಾರಿಸು ಎಂದಿದ್ದೆಯಲ್ಲ, ಗೋಕಾಕದ ಮೊಬೈಲ್ ಅಂಗಡಿಯ ಅಜಿತನ ಹತ್ತಿರ ಹೋಗಿದ್ದೆ. ನಿನ್ನ ಫೋನಿನ ಹೆಸರು ಹೇಳಿದ ಕೂಡಲೇ ಅವನು, "ಆ ಫೋನಿಗೆ ಈ ಓಎಸ್ ಹೊಂದಂಗಿಲ್ರಿ ಅವ್ವಾರ. ಅದು ಒಂದ ಕಂಪನಿಯ ಕೆಲವು ಫೋನಿನಾಗಷ್ಟ ಕೂಡ್ರತೈತಿ" ಎಂದ. ಬೇಕಾದವರ ಫೋನಿಗೆ ಕೂಡದಿದ್ದರೆ ಅದೆಂಥ ಓಎಸ್ಸಪ್ಪ ಎಂದು ಜಗಳವಾಡಿದೆ. ಪಾಪ, ಅವನೇನು ಮಾಡಿಯಾನು, ಚಹಾ ತರಿಸಿದ. ಆಮೇಲೆ ನನ್ನ ಕೈಯಲ್ಲಿದ್ದ ಫೋನು ನೋಡಿ, "ಇದಕ್ಕಾದರ ಆಗತೈತಲ್ರಿ!" ಎಂದ. ಗುರುಪಾದ ಹಳೆಯದಾಯಿತೆಂದು ನನಗೆ ಕೊಟ್ಟಿದ್ದನಲ್ಲ, ಅದೇ! ಒಳಗಿನದೆಲ್ಲ ಅಳಿಸಿಹೋಗುತ್ತದೆ, ಕೆಲವು ಬ್ಯಾಂಕಿನ ಆ್ಯಪ್ ನಡೆಯಲಿಕ್ಕಿಲ್ಲ ಎಂದ. "ಹೋದರ ಹೋಗಲಿ, ಹಾಕಪಾ" ಅಂದೆ.

ಆ ಫೋನನ್ನೂ ಹೊಸ ಸಿಮ್ಮನ್ನೂ ಈ ಕಾಗದ, ಕರದಂಟಿನ ಡಬ್ಬಿಯ ಜೊತೆ ಪಕ್ಕದ ಮನೆಯ ಇಂದ್ರವ್ವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಹುಕ್ಕೇರಿಗೇ ತನ್ನ ತಂಗಿಯ ಮನೆಗೆ ಹೊರಟಿದ್ದಾಳೆ. ಫೋನು ಬಚ್ಚಿಡಬೇಡ. ಕೇಳಿದರೆ ಅವ್ವ ಕೊಟ್ಟಳೆಂದು ಹೇಳು. ಪಾಸ್‌ವರ್ಡ್ ಮಾತ್ರ ಯಾರಿಗೂ ಹೇಳಬೇಡ, ನನಗೂ. ನನಗೇನು, ಗುಂಡಿ ಒತ್ತುವ ಫೋನು ಸಾಕು.

ಅತ್ತೆಯವರಿಗೆ ನಮಸ್ಕಾರ ತಿಳಿಸು. ಬಸವಣ್ಣ ನಿನ್ನನ್ನು ನಗುನಗುತ್ತ ಇಟ್ಟಿರಲಿ.

ನಿನ್ನ ಅವ್ವ,
ಶಿವಗಂಗವ್ವ

ತಾ.ಕ.: ಬಸ್ಸಿಗೆ ಹೊತ್ತಾಯಿತೆಂದು ಇಂದ್ರವ್ವ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ. ಪಂಚಮಿಗೆ ನಿನ್ನನ್ನು ತವರಿಗೆ ಕರೆಯಲು ಗುರುಪಾದ ಬರುತ್ತಾನೆ. ಅಷ್ಟರಲ್ಲಿ ಅವರು ಈ ಫೋನನ್ನು ಕಸಿದುಕೊಂಡರೆ ಅದಕ್ಕಾಗಿ ಜಗಳಾಡಬೇಡ, ಅಲ್ಲೇ ಬಿಟ್ಟು ಅಣ್ಣನ ಬೈಕು ಹತ್ತು. ನಿನ್ನನ್ನು ತಿರುಗಿ ಕಳಿಸುವ ದಿನ ನಾವು ಗೊತ್ತು ಮಾಡಿಲ್ಲ. ಅದನ್ನು ನೀನೇ ಹೇಳಬೇಕು.