ನಾಲ್ವರ ಕೋಣೆಗೆ ಏಳನೆಯವಳು

ಉದ್ಯೋಗ ಇಲಾಖೆಯ ಮಾನ್ಯ ನಿರ್ದೇಶಕರೇ,

ನಾಲ್ಕೇ ಜನ ಇರಬೇಕಾದ ಕೋಣೆಗೆ ಬರುವ ಸೋಮವಾರದಿಂದ ನನ್ನ ತಂಗಿಯನ್ನು ಏಳನೆಯವಳಾಗಿ ಕಳಿಸುತ್ತಿದ್ದಾರೆ. ಅಲ್ಲಿ ಸಿಡಿಮದ್ದನ್ನು ಅಚ್ಚಿಗೆ ಒತ್ತುತ್ತಾರೆ. ತಮ್ಮ ವರದಿಯ ಭಾಷೆಯಲ್ಲಿ ಇದು ‘ಉದ್ಯೋಗ ಸೃಷ್ಟಿ’.

ನಾನು ಏಳನೇ ತರಗತಿಯನ್ನು ಎರಡು ಸಲ ಅರ್ಧಕ್ಕೆ ಬಿಟ್ಟವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಸ್ಫೋಟಕ ಕಾರ್ಖಾನೆಯ ಗೇಟಿನಲ್ಲಿ ಹೆಂಗಸರ ತಪಾಸಣೆ ನನ್ನ ಕೆಲಸ. ಹೇರ್‌ಪಿನ್, ಮೊಬೈಲು, ನೈಲಾನ್ ಬಟ್ಟೆ, ಮೊಳೆ ಹೊಡೆದ ಚಪ್ಪಲಿ ಯಾವುದನ್ನೂ ಒಳಗೆ ಬಿಡುವುದಿಲ್ಲ. ಒಂದು ಕಿಡಿ ಸಾಕಲ್ಲ?

ಪತ್ರಿಕೆಯಲ್ಲಿ ಬಂದ ತಮ್ಮ ವರದಿಯಲ್ಲಿನ ದೇಶಗಳ ಪಟ್ಟಿಯನ್ನು ಬೆರಳಿಟ್ಟು ಓದಿದೆ. ಪಟ್ಟಿಯ ಬೇರೆ ದೇಶಗಳಲ್ಲೆಲ್ಲ ಈ ಉದ್ಯಮದ ಕೆಲಸಗಾರರು ಕಡಿಮೆಯಾಗುತ್ತಿದ್ದಾರಂತೆ, ನಮ್ಮಲ್ಲಿ ಮಾತ್ರ ಹೆಚ್ಚುತ್ತಿದ್ದಾರಂತೆ. ಕಾರಣವನ್ನು ತಾವೇ ಕೆಳಗೆ ಸಣ್ಣಕ್ಷರದಲ್ಲಿ ಹಾಕಿದ್ದೀರಿ: ಅಲ್ಲಿ ಒತ್ತುವ ಕೋಣೆಯಲ್ಲಿ ಯಂತ್ರವೊಂದೇ ಇರುತ್ತದೆ, ಮನುಷ್ಯ ದಪ್ಪ ಗೋಡೆಯಾಚೆ ಕೂತು ಪರದೆ ನೋಡುತ್ತಾನೆ. ಪಾಪ, ಆ ಕೋಣೆಯಲ್ಲಿ ಒಬ್ಬರಿಗೂ ಕೆಲಸವಿಲ್ಲ! ತಾವು ಮರುಗಿದ್ದು ಸಹಜವೇ.

ನಮ್ಮ ಕೋಣೆಯ ಬಾಗಿಲ ಮೇಲೆ ‘ನಾಲ್ಕು ಜನ ಮಾತ್ರ’ ಎಂಬ ಬೋರ್ಡಿತ್ತು. ಸಿಡಿದರೆ ನಾಲ್ಕಕ್ಕಿಂತ ಹೆಚ್ಚು ಜೀವ ಹೋಗಬಾರದು ಎಂಬುದಷ್ಟೇ ಅದರ ಅರ್ಥ. ವರದಿ ಬಂದ ವಾರವೇ ಅದನ್ನು ಅಳಿಸಿ ‘ಏಳು’ ಎಂದು ಬರೆದರು. ಗೋಡೆ ದಪ್ಪವಾಗಲಿಲ್ಲ, ಬಾಗಿಲು ಎರಡಾಗಲಿಲ್ಲ. ಬಣ್ಣ ಮಾತ್ರ ಹೊಸದು.

ಸೂಪರ್‌ವೈಸರನ್ನು ಕೇಳಿದೆ: “ಸರ್, ಇರೋದೊಂದು ಬಾಗ್ಲು. ಏಳು ಜನ ಹೆಂಗೆ ಓಡ್ತಾರೆ?”

“ಕುಕ್ಕರ್ ಕೂಗಿದ್ರೂ ಎದೆ ಹಿಡ್ಕೊಳ್ಳೋಳು ನೀನು. ಸುಮ್ನೆ ಗೇಟ್ ನೋಡ್ಕೋ ಹೋಗಕ್ಕಾ!”

ನಿಜ, ನಾನು ಹೆದರುಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಓಡಿದವಳು. ಆದರೆ ಹೆದರಲೆಂದೇ ಅಲ್ಲವೇ ನನ್ನನ್ನು ಗೇಟಿನಲ್ಲಿ ನಿಲ್ಲಿಸಿರುವುದು?

ತಂಗಿಗೂ ನನ್ನದೇ ಕಾಟ. “ಕೆಲ್ಸ ಸಿಕ್ಕಿದ್ದೇ ಹೆಚ್ಚು, ಅಪಶಕುನ ನುಡೀಬೇಡ. ನಿನ್ ಮುಖ ನೋಡಿದ್ರೆ ನಂಗೆ ಕೈ ನಡುಗತ್ತೆ ಕಣೇ. ಸೋಮವಾರ ರಜಾ ಹಾಕು” ಅಂದಳು. ನಡುಗುವ ಕೈಯಿಂದ ಆ ಪುಡಿ ಮುಟ್ಟಬಾರದೆಂದು ಅವಳಿಗೂ ಗೊತ್ತು.

ಆದ್ದರಿಂದ ಸೋಮವಾರದೊಳಗೆ ಬೋರ್ಡಿನ ಮೇಲೆ ಮತ್ತೆ ನಾಲ್ಕು ಎಂದು ಬರೆಸಿ. ಉಳಿದ ಮೂವರಿಗೆ ಬೇರೆ ಕೋಣೆ ಕಟ್ಟಿಸಿ. ಅಲ್ಲಿಯವರೆಗೆ ತಮ್ಮ ಪಟ್ಟಿಯಲ್ಲಿ ಮೂರು ಉದ್ಯೋಗ ಕಡಿಮೆಯಾದರೆ ದೇಶ ತಡೆದುಕೊಳ್ಳುತ್ತದೆ. ತಂಗಿ ನನ್ನ ಮನೆಯಲ್ಲಿ ಉಣ್ಣುತ್ತಾಳೆ. ಏಳೇ ಸರಿ ಎನ್ನುವುದಾದರೆ ಹಾಗೆಂದು ಬರೆದು, ಸಹಿ ಹಾಕಿ ಕಳಿಸಿ. ನಾನು ರಜೆ ಹಾಕುವುದಿಲ್ಲ. ಅವಳ ತಲೆಯಲ್ಲಿ ಒಂದು ಪಿನ್ನೂ ಇಲ್ಲವೆಂದು ಕೈಯಾಡಿಸಿ ನೋಡಿ, ಒಳಗೆ ಬಿಡಬೇಕಾದವಳು ನಾನೇ.

ಇಂತಿ,
ಬೆಳಿಗ್ಗೆ ಬಿಟ್ಟವರನ್ನು ಸಂಜೆ ಮತ್ತೆ ಎಣಿಸುವ
ಗೇಟಿನ ಅಕ್ಕ