ಎಳೆದರೆ ಅಲುಗದ ತ್ರಿಭುಜ

ಕೊನೆಯ ಬೆಂಚಿನ ಹುಡುಗಿಯೇ,

ನಿನ್ನನ್ನು ಹೀಗೆ ಕರೆಯುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ತರಗತಿಯಲ್ಲಿ ನಿನಗೆ ಬಿದ್ದ ಇನ್ನೊಂದು ಹೆಸರಿಗಿಂತ ಇದು ವಾಸಿ ಎಂದು ಕರೆದಿದ್ದೇನೆ. ಆ ಹೆಸರು ಹುಟ್ಟಿದ್ದು ನನ್ನ ಬಾಯಲ್ಲೇ.

ಆಗ ನೀನು ಒಂಬತ್ತನೆಯ ತರಗತಿ. ಶಾಲೆಗೆ ಹನ್ನೊಂದು ಕಂಪ್ಯೂಟರ್ ಬಂದಿದ್ದವು, ನೀವು ನಲವತ್ತನಾಲ್ಕು ಜನ. ರೇಖಾಗಣಿತದ ಆ ತಂತ್ರಾಂಶ ನನಗೂ ಹೊಸದು, ಹೊಸ ಸೈಕಲ್ ಸಿಕ್ಕವಳಂತೆ ಮೆರೆಯುತ್ತಿದ್ದೆ. ಪರದೆಯ ಮೇಲಿನ ತ್ರಿಭುಜವನ್ನು ಪಕ್ಕದಲ್ಲಿ ನಕಲು ಮಾಡಬೇಕು, ಅದು ನಿಮಗೆ ಕೊಟ್ಟ ಕೆಲಸ. ಕೈವಾರದ ಗುಂಡಿ ಒತ್ತಿ ಬಾಹುವಿನ ಉದ್ದವನ್ನು ಎತ್ತಿ ಬೇರೆ ಬಿಂದುವಿಗೆ ತಂದಿಡುವುದು, ಕಂಸ ಎಳೆದು ಕೋನವನ್ನೂ ಒಯ್ಯುವುದು. ಹಾಗೆ ಕಟ್ಟಿದರೆ, ಮೂಲದ ಒಂದು ಮೂಲೆ ಹಿಡಿದು ಎಳೆದಾಗ ನಕಲೂ ಅದರ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಬರೀ ಅಳತೆಯ ಅಂಕಿ ಹಾಕಿ ಬರೆದದ್ದು ಇದ್ದಲ್ಲೇ ಇರುತ್ತದೆ.

ನಿನ್ನದು ಇದ್ದಲ್ಲೇ ಇತ್ತು. ಎಲ್ಲರಿಗೂ ಕಾಣಲೆಂದು ಅದನ್ನು ಗೋಡೆಯ ದೊಡ್ಡ ಪರದೆಗೆ ಹಾಕಿದೆ. ಮೂಲವನ್ನು ಒಂದು ಸಲ ಎಳೆದೆ, ಎರಡು ಸಲ ಎಳೆದೆ. "ನೋಡಿ, ಇದು ನಕಲಲ್ಲ, ಹೆಣ. ಎಷ್ಟು ಎಳೆದ್ರೂ ಅಲುಗಲ್ಲ" ಎಂದೆ. ತರಗತಿಯಿಡೀ ನಕ್ಕಿತು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಹದಿನೈದು ವರ್ಷ ಪಾಠ ಮಾಡಿದ್ದರೂ ನನ್ನ ಮಾತಿಗೆ ಮಕ್ಕಳು ಅಷ್ಟು ನಕ್ಕಿದ್ದು ಅದೇ ಮೊದಲು. ನೀನು ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದೆ. "ಕೂತ್ಕೋ, ಟೈಮಿಲ್ಲ" ಎಂದುಬಿಟ್ಟೆ.

ಮರುದಿನದಿಂದ ನೀನು 'ಹೆಣ'. ಆ ಕೂಗು ನನ್ನ ಕಿವಿಗೂ ಬಿದ್ದಿತ್ತು. ಮಕ್ಕಳಾಟ, ನಾಲ್ಕು ದಿನಕ್ಕೆ ಮರೆಯುತ್ತಾರೆ ಎಂದು ಜಾಣಕಿವುಡಿಯಾದೆ. ಮೂರು ವಾರಕ್ಕೆ ನೀನು ಶಾಲೆಗೆ ಬರುವುದೇ ನಿಂತಿತು.

ವರ್ಷದ ಕೊನೆಗೆ ಕಪಾಟು ಖಾಲಿ ಮಾಡುವಾಗ ನಿನ್ನ ನೋಟ್‌ಬುಕ್ ಸಿಕ್ಕಿತು. ಏಳು ಪುಟಗಳ ತುಂಬ ಅದೇ ತ್ರಿಭುಜ. ನಿನ್ನ ಹತ್ತಿರ ಕೈವಾರ ಇರಲಿಲ್ಲವೇನೋ, ಪೆನ್ಸಿಲಿಗೆ ನೂಲು ಕಟ್ಟಿ ಕಂಸ ಎಳೆದಿದ್ದೆ; ನೂಲು ಇನ್ನೂ ಪುಟದ ನಡುವೆಯೇ ಇತ್ತು. ಒಂದು ಕೋನವೂ ಕೂದಲೆಳೆಯಷ್ಟು ತಪ್ಪಿರಲಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ ಹೀಗಿತ್ತು: "ಲ್ಯಾಬಲ್ಲಿ ಮೌಸ್ ಕೈಗೆ ಕೊಡಲ್ಲ. ಎರಡು ನಿಮಿಷ ಸಿಕ್ಕಿದ್ರೆ ಹೆಚ್ಚು. ಅಳತೆ ಬಾಯಿಪಾಠ ಮಾಡ್ಕೊಂಡು ಹೋಗ್ಬೇಕು." ಒಂದೊಂದು ಕಂಪ್ಯೂಟರಿಗೆ ನಾಲ್ವರನ್ನು ಕೂರಿಸಿದವಳು ನಾನೇ. ನೀನು ಎದ್ದು ಹೇಳಹೊರಟದ್ದು ಇದನ್ನೇ ಇರಬೇಕು.

ನಿನ್ನನ್ನು ಹುಡುಕಲು ನಾಲ್ಕು ವರ್ಷ ಹಿಡಿಯಿತು. ಇಲ್ಲ, ಅದೂ ಸುಳ್ಳು. ಹುಡುಕಿದ್ದು ಒಂದೇ ಮಧ್ಯಾಹ್ನ. ಉಳಿದದ್ದೆಲ್ಲ ಮುಖ ತೋರಿಸುವ ಧೈರ್ಯ ಸಾಲದೆ ಕಳೆದದ್ದು.

ಆಸ್ಪತ್ರೆಯ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ನೀನು ದೊಡ್ಡ ಇಸ್ತ್ರಿ ಮಿಷನ್ನಿಗೆ ಹಾಸಿಗೆ ಬಟ್ಟೆ ಕೊಡುತ್ತಿದ್ದೆ, ಆಚೆ ತುದಿಯಲ್ಲಿ ನಿನ್ನಮ್ಮ ಮಡಚುತ್ತಿದ್ದರು. ನನ್ನನ್ನು ನೋಡಿ ನೀನು ಬೆಚ್ಚಲೂ ಇಲ್ಲ. "ಈ ಕಡೆ ಬನ್ನಿ ಟೀಚರ್, ಅಲ್ಲಿ ಹಬೆ ಹೊಡೆಯುತ್ತೆ" ಎಂದಷ್ಟೇ ಹೇಳಿದೆ. ಮನೆಯಲ್ಲೇ ಓದಿ ಪರೀಕ್ಷೆ ಕಟ್ಟುವ ಅರ್ಜಿಯನ್ನು ನಾನು ತಂದಿದ್ದೆ. ನಿನ್ನಮ್ಮ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡರು, ನೋಡಿದರು, ಹಿಂದಕ್ಕೆ ಕೊಟ್ಟರು. "ಇವಳೇ ಹೇಳಿದ್ಲಲ್ಲ, ಗಣಿತ ತಲೆಗೆ ಹತ್ತಲ್ಲ, ಶಾಲೆ ಬೇಡ ಅಂತ. ನೀವೇನ್ ಮಾಡೋಕಾಗುತ್ತೆ ಟೀಚರ್, ಬೇಜಾರ್ ಮಾಡ್ಕೋಬೇಡಿ" ಎಂದು ನನ್ನನ್ನೇ ಸಮಾಧಾನ ಮಾಡಿದರು. ಮನೆಯಲ್ಲಿ ನೀನು ನನ್ನ ಹೆಸರು ಹೇಳಿರಲಿಲ್ಲ. ನಾಲಗೆಯ ತುದಿಯವರೆಗೂ ಬಂದ ಮಾತನ್ನು ನಾನು ನುಂಗಿಕೊಂಡೆ. ನಿನಗೆ ಮಾಡಿದ ಎರಡನೆಯ ಅನ್ಯಾಯ ಅದು, ಮೊದಲನೆಯದಕ್ಕಿಂತ ದೊಡ್ಡದು.

ಗೇಟಿನವರೆಗೆ ನೀನು ಬಂದೆ. "ಇನ್ನೊಂದ್ಸಲ ಬರಬೇಡಿ ಟೀಚರ್. ಬೈತಾ ಇಲ್ಲ. ನಿಮ್ಮನ್ನ ನೋಡಿದ್ರೆ ಎರಡು ದಿನ ಅದೇ ತಲೇಲಿ ಓಡುತ್ತೆ. ಆ ಮಿಷನ್ ಮುಂದೆ ಗಮನ ತಪ್ಪಿದ್ರೆ ಕೈ ಹೋಗುತ್ತೆ." ನಿನ್ನ ಮಣಿಕಟ್ಟಿನ ಮೇಲೆ ಎರಡು ಸುಟ್ಟ ಕಲೆಗಳಿದ್ದವು. ಅವು ಯಾವತ್ತಿನವು ಎಂದು ಕೇಳಲಿಲ್ಲ.

ಈ ವರ್ಷವೂ ಆ ಪಾಠ ಬಂತು, ಮಾಡಿದೆ. ಪ್ರತಿಯೊಬ್ಬರಿಗೂ ಮೌಸ್ ಸಿಗುವವರೆಗೆ ಕಾದೆ. ಯಾರೂ ನಗಲಿಲ್ಲ. ಅದರಿಂದ ನಿನಗೇನೂ ಆಗುವುದಿಲ್ಲ, ನನಗೆ ಗೊತ್ತು. ನಿನ್ನಮ್ಮನಿಗೆ ನಿಜ ಹೇಳೋಣವೆಂದರೆ ನಿನ್ನ ಮಿಷನ್ ದಾಟಿಯೇ ಅವರ ಹತ್ತಿರ ಹೋಗಬೇಕು. ಕ್ಷಮಿಸು ಎಂದು ಬರೆದು ಕಳಿಸೋಣವೆಂದರೆ ನನ್ನ ಕಾಗದವೂ ನಾನೇ ಬಂದ ಹಾಗೆ. ಹಾಗಾಗಿ ಇದನ್ನು ಅಂಚೆಗೆ ಹಾಕುವುದಿಲ್ಲ.

ನಿನ್ನ ಗಮನ ಎಂದೂ ತಪ್ಪದಿರಲಿ ತಾಯಿ, ಕೈ ಸುಡದಿರಲಿ.

ಇಂತಿ,
ನಿನಗೆ ಗಣಿತ ಹೇಳಿಕೊಡಬೇಕಾಗಿದ್ದವಳು